ಹುಣ್ಣಿಮೆ ನೋಡಿ ಪ್ರೇಮಿಗಳನ್ನು ಸೇರಿಸಿ: ಯುದ್ಧಕಾಲದ ಬೇಹುಗಾರರ ಪ್ರೇಮಕತೆ ಬರೆಯುವ ಬಗೆ

ಎರಡನೇ ಮಹಾಯುದ್ಧದ ಬೇಹುಗಾರರ ಪ್ರೇಮಕತೆ ಬರೆಯಲು ಹೊರಟವರ ಕರಡುಗಳನ್ನು ನಾನು ಸಾಕಷ್ಟು ಓದಿದ್ದೇನೆ. ಹೆಚ್ಚಿನವು ಒಂದೇ ಥರ ಶುರುವಾಗುತ್ತವೆ. ಪ್ಯಾರಿಸ್, ಮಳೆ, ಒಂದು ಕೆಫೆ. ಕೆಂಪು ಲಿಪ್‌ಸ್ಟಿಕ್ ಹಚ್ಚಿದ ಹೆಂಗಸು, ಮೂಲೆಯಲ್ಲಿ ಸಿಗರೇಟು ಸೇದುತ್ತಾ ಕೂತ ಗಂಡಸು. ಕಣ್ಣು ಕಣ್ಣು ಕೂಡುತ್ತವೆ. ಯುದ್ಧ ಮಾತ್ರ ನಾಟಕದ ಹಿಂಪರದೆಯ ಹಾಗೆ ಸುಮ್ನೆ ತೂಗುತ್ತಿರುತ್ತದೆ. ಅದನ್ನು ಬಿಚ್ಚಿ ಬೇರೆ ಯಾವುದೋ ಕಾಲದ ಪರದೆ ಕಟ್ಟಿದರೂ ಕತೆಗೆ ಏನೂ ಆಗುವುದಿಲ್ಲ.

ನನ್ನ ಕ್ರಮ ಬೇರೆ. ಪ್ರೇಮಿಗಳು ಯಾವಾಗ ಸೇರಬೇಕು, ಎಷ್ಟು ಹೊತ್ತು ಜೊತೆಗಿರಬೇಕು, ಯಾವ ಮಾತು ಆಡಬಾರದು ಅನ್ನುವುದನ್ನು ನಾನು ನಿರ್ಧರಿಸುವುದಿಲ್ಲ. ಬೇಹುಗಾರಿಕೆಯ ದಿನನಿತ್ಯದ ಕೆಲಸವೇ ನಿರ್ಧರಿಸುತ್ತದೆ. ಚಂದ್ರ, ರೇಡಿಯೋ, ಕರ್ಫ್ಯೂ, ಪಡಿತರ ಚೀಟಿ, ಇವುಗಳಿಗೆ ಬಿಟ್ಟುಬಿಡುತ್ತೇನೆ. ಹಾಗೆ ಮಾಡಿದರೆ ಪ್ರೇಮಿಗಳನ್ನು ಅಗಲಿಸಲು ಸುಳ್ಳು ಜಗಳ, ತಪ್ಪು ತಿಳಿವಳಿಕೆ ಯಾವುದನ್ನೂ ಹುಟ್ಟಿಸಬೇಕಿಲ್ಲ. ಹೇಗೆ ಅಂತ ಹೇಳುತ್ತೇನೆ. ಉದಾಹರಣೆಗಳೆಲ್ಲ ಬಹುಮಟ್ಟಿಗೆ ಒಂದೇ ಕಡೆಯವು: ಜರ್ಮನ್ ಹಿಡಿತದಲ್ಲಿದ್ದ ಫ್ರಾನ್ಸ್, ಮತ್ತು ಅಲ್ಲಿಗೆ ಏಜೆಂಟರನ್ನು ಕಳಿಸುತ್ತಿದ್ದ ಬ್ರಿಟನ್ನಿನ ಗುಪ್ತ ಯುದ್ಧ ಸಂಸ್ಥೆ ಎಸ್‌ಒಇ.

ಮೊದಲು ಕೆಲಸ, ಆಮೇಲೆ ಕಣ್ಣು ಮೂಗು

ನಾಯಕಿಯ ರೂಪ ವರ್ಣಿಸುವ ಮೊದಲು ಅವಳ ಕೆಲಸ ಏನು ಅಂತ ಬರೆದುಕೊಳ್ಳಿ. ‘ಬೇಹುಗಾರ್ತಿ’ ಅಂದರೆ ಸಾಲದು.

ಎಸ್‌ಒಇ ಹುಟ್ಟಿದ್ದು 1940ರ ಜುಲೈಯಲ್ಲಿ. ಮುಖ್ಯ ಕಚೇರಿ ಲಂಡನ್ನಿನ 64, ಬೇಕರ್ ಸ್ಟ್ರೀಟ್. ಫ್ರಾನ್ಸಿಗೆ ಏಜೆಂಟರನ್ನು ಕಳಿಸುತ್ತಿದ್ದ ‘ಎಫ್ ಸೆಕ್ಷನ್’ ಮುಖ್ಯಸ್ಥ ಮೌರಿಸ್ ಬಕ್‌ಮಾಸ್ಟರ್. ಅವನ ಬಲಗೈ ವೀರಾ ಆಟ್ಕಿನ್ಸ್. ಫ್ರಾನ್ಸಿನೊಳಗೆ ಇವರ ಒಂದೊಂದು ಜಾಲದ ತಿರುಳು ಸಾಮಾನ್ಯವಾಗಿ ಮೂರು ಜನ. ಜಾಲ ಕಟ್ಟುವ ಸಂಘಟಕ, ಸುದ್ದಿ ಒಯ್ಯುವ ಕೊರಿಯರ್, ಲಂಡನ್ನಿಗೆ ಸಂದೇಶ ಕಳಿಸುವ ವೈರ್‌ಲೆಸ್ ಆಪರೇಟರ್. ಮೂವರೂ ಒಬ್ಬರ ಮೇಲೊಬ್ಬರು ಜೀವ ಇಟ್ಟಿರುತ್ತಾರೆ, ಆದರೆ ಒಬ್ಬರ ವಿಳಾಸ ಇನ್ನೊಬ್ಬರಿಗೆ ಗೊತ್ತಿಲ್ಲದಿದ್ದಷ್ಟೂ ಒಳ್ಳೆಯದು. ಪ್ರೇಮಕತೆಗೆ ಇದಕ್ಕಿಂತ ಒಳ್ಳೆಯ ಕಟ್ಟುಪಾಡು ಬೇಕಾ? ಪ್ರೀತಿಸುವವರು ಎಲ್ಲಿ ಮಲಗುತ್ತಾರೆ ಅಂತ ಕೇಳುವ ಹಾಗಿಲ್ಲ. ಕೇಳಿದರೆ ಅದು ಪ್ರೀತಿಯೋ ಅನುಮಾನವೋ ಅಂತ ಎದುರಿನವರು ಯೋಚಿಸುತ್ತಾರೆ.

ಹೆಂಗಸರೇ ಯಾಕೆ ಕೊರಿಯರ್ ಆಗುತ್ತಿದ್ದರು? 1943ರ ಫೆಬ್ರವರಿಯಿಂದ ಫ್ರೆಂಚ್ ಯುವಕರನ್ನು ಕಡ್ಡಾಯವಾಗಿ ಜರ್ಮನಿಗೆ ದುಡಿಯಲು ಕಳಿಸುವ ಕಾನೂನು ಬಂತು. ವಯಸ್ಸಿನ ಹುಡುಗ ಹಗಲು ಹೊತ್ತು ರೈಲಿನಲ್ಲೋ ಸೈಕಲ್ಲಿನಲ್ಲೋ ಅಡ್ಡಾಡುತ್ತಿದ್ದರೆ ‘ಇವನು ಇಲ್ಲಿ ಯಾಕಿದ್ದಾನೆ’ ಅನ್ನುವ ಪ್ರಶ್ನೆ ಬರುತ್ತಿತ್ತು. ಹೆಂಗಸಿನ ಕೈಯಲ್ಲಿ ತರಕಾರಿ ಬುಟ್ಟಿ ಇದ್ದರೆ ಯಾರೂ ಕೇಳುತ್ತಿರಲಿಲ್ಲ. ಹಾಗಾಗಿ ನಿಮ್ಮ ಕತೆಯಲ್ಲಿ ಊರೂರು ಸುತ್ತುವವಳು ಅವಳು. ಬಾಗಿಲು ಹಾಕಿಕೊಂಡು ಕಾಯುವವನು ಅವನು. ಎಷ್ಟೋ ಪ್ರೇಮಕತೆಗಳ ಲೆಕ್ಕ ಇಲ್ಲೇ ತಿರುಗಿಬಿಡುತ್ತದೆ.

ಇನ್ನೊಂದು ಮಾತು. ದಯವಿಟ್ಟು ಪ್ರತಿ ಬೇಹುಗಾರ್ತಿಯನ್ನೂ ಜರ್ಮನ್ ಅಧಿಕಾರಿಯ ಹಾಸಿಗೆಗೆ ಕಳಿಸಬೇಡಿ. ಎಫ್ ಸೆಕ್ಷನ್ ಕಳಿಸಿದ 39 ಹೆಂಗಸರು ಸೈಕಲ್ ತುಳಿದರು, ಮೋರ್ಸ್ ಅನ್ನುವ ಟಕ್-ಟಕ್ ಸಂಕೇತದಲ್ಲಿ ಸಂದೇಶ ಬಡಿದರು, ಸ್ಫೋಟಕ ಹೊತ್ತರು. ಅವರಲ್ಲಿ 13 ಮಂದಿ ಜೀವಂತ ವಾಪಸ್ ಬರಲಿಲ್ಲ. ಮೋಹದ ಬಲೆಯ ನಿಜ ಕತೆ ಬೇಕೇಬೇಕು ಅಂದರೆ ಇದೆ. ‘ಸಿಂಥಿಯಾ’ ಅನ್ನುವ ಗುಪ್ತನಾಮದ ಏಮಿ ಥೋರ್ಪ್ 1942ರಲ್ಲಿ ವಾಷಿಂಗ್ಟನ್ನಿನ ವಿಷಿ ಫ್ರೆಂಚ್ (ಜರ್ಮನ್ನರಿಗೆ ಮಣಿದ ಫ್ರೆಂಚ್ ಸರ್ಕಾರದ) ರಾಯಭಾರ ಕಚೇರಿಯಿಂದ ನೌಕಾಪಡೆಯ ಗುಪ್ತಲಿಪಿ ಪುಸ್ತಕಗಳನ್ನು ಎಗರಿಸಿದಳು. ಕಾವಲುಗಾರ ಬರುವ ಸದ್ದಾದಾಗ ಬಟ್ಟೆ ಕಳಚಿ ನಿಂತಳು. ಅವನು ನಾಚಿಕೊಂಡು ಹೊರಟುಹೋದ. ಜೊತೆಗಿದ್ದ ಶಾರ್ಲ್ ಬ್ರೂಸ್ ಅದೇ ಕಚೇರಿಯ ಅಧಿಕಾರಿ. ಮುಂದೆ ಅವನನ್ನೇ ಮದುವೆಯಾದಳು. ಆದರೆ ಇದು ಅಪರೂಪ.

ಗೋಡೆಗೆ ಚಂದ್ರನ ಕ್ಯಾಲೆಂಡರ್ ಹಚ್ಚಿ

ಕತೆ ನಡೆಯುವ ತಿಂಗಳುಗಳ ಕ್ಯಾಲೆಂಡರ್ ಬರೆದು ಹುಣ್ಣಿಮೆಗಳನ್ನು ಗುರುತು ಮಾಡಿ. ನಾನು ಇದನ್ನು ಮೊದಲ ಸಾಲು ಬರೆಯುವ ಮುಂಚೆಯೇ ಮಾಡುತ್ತೇನೆ. ಏಜೆಂಟರನ್ನು ಇಳಿಸುವ ಪೈಲಟ್‌ಗಳು ಬೆಳದಿಂಗಳಲ್ಲಿ ನದಿ, ರೈಲು ಹಳಿ ನೋಡಿಕೊಂಡು ದಾರಿ ಹಿಡಿಯುತ್ತಿದ್ದರು. ಹುಣ್ಣಿಮೆಯ ಆಚೀಚೆ ಒಂದೊಂದು ವಾರ ಬಿಟ್ಟರೆ ಉಳಿದ ದಿನ ಲೈಸ್ಯಾಂಡರ್ ವಿಮಾನ ಹಾರುವುದು ಕಷ್ಟ. ಎಫ್ ಸೆಕ್ಷನ್ನಿನ ವೈರ್‌ಲೆಸ್ ಆಪರೇಟರ್ ನೂರ್ ಇನಾಯತ್ ಖಾನ್ ಫ್ರಾನ್ಸಿನಲ್ಲಿ ಇಳಿದದ್ದು 1943ರ ಜೂನ್ 16-17ರ ರಾತ್ರಿ. ಹುಣ್ಣಿಮೆ ಇದ್ದದ್ದು 18ಕ್ಕೆ. ಲೆಕ್ಕ ಸರಿಹೋಯಿತು ಅಲ್ವಾ?

ಇದರಿಂದ ಕತೆಗೆ ಒಂದು ನಡಿಗೆ ಸಿಗುತ್ತದೆ. ನಾಯಕನನ್ನು ಲಂಡನ್ನಿಗೆ ವಾಪಸ್ ಕರೆಸಬೇಕು. ಈ ಹುಣ್ಣಿಮೆಗೆ ಮೋಡ ಕವಿಯಿತು, ವಿಮಾನ ಬರಲಿಲ್ಲ. ಅಂದರೆ ಇನ್ನೂ ಮೂರು ವಾರ ಒಂದೇ ಹಳ್ಳಿಯಲ್ಲಿ, ಒಂದೇ ಅಟ್ಟದ ಮೇಲೆ ಇಬ್ಬರೂ. ಪ್ರೀತಿ ಬೆಳೆಯಲು ನಿಮಗೆ ಜಾಗ ಬೇಕಿತ್ತು. ಮೋಡ ಕೊಟ್ಟಿತು. ಆಮೇಲೆ ಒಂದು ಸಂಜೆ ಬಿಬಿಸಿಯ ಫ್ರೆಂಚ್ ಪ್ರಸಾರದಲ್ಲಿ ‘ಖಾಸಗಿ ಸಂದೇಶ’ಗಳ ನಡುವೆ ಅರ್ಥವಿಲ್ಲದ ಒಂದು ವಾಕ್ಯ ಬರುತ್ತದೆ. ಇಡೀ ದೇಶ ಕೇಳುತ್ತದೆ, ಅರ್ಥವಾಗುವುದು ಇವರಿಗೆ ಮಾತ್ರ: ವಿಮಾನ ಇವತ್ತು ರಾತ್ರಿ. ಹೊಲದಲ್ಲಿ ಮೂರು ಟಾರ್ಚು ಹಿಡಿದು ಉದ್ದುದ್ದ ‘ಎಲ್’ ಆಕಾರ ಮಾಡಬೇಕು. ವಿಮಾನ ಕೆಲವೇ ನಿಮಿಷ ನಿಲ್ಲುತ್ತದೆ. ಒಳಗೆ ಇಬ್ಬರು ಮೂವರಿಗಷ್ಟೇ ಜಾಗ. ಬೀಳ್ಕೊಡುಗೆಯ ಮಾತು ಅಷ್ಟರೊಳಗೆ ಮುಗಿಯಬೇಕು. ಎಂಜಿನ್ ಸದ್ದಿನಲ್ಲಿ ಅದೂ ಸರಿಯಾಗಿ ಕೇಳಿಸುವುದಿಲ್ಲ. ಎರಡು ಪುಟದ ವಿದಾಯ ಭಾಷಣ ಬರೆದಿಟ್ಟುಕೊಂಡಿದ್ದರೆ ಹರಿದು ಹಾಕಿ.

ಜೇಬು ಖಾಲಿ ಮಾಡಿಸಿ

ಪ್ರೇಮಕತೆಯಲ್ಲಿ ಉಂಗುರ, ಫೋಟೋ, ಒಣಗಿದ ಹೂವು ಇದ್ದೇ ಇರುತ್ತದೆ. ಇಲ್ಲಿ ಅದಕ್ಕೆ ಅವಕಾಶ ಇಲ್ಲ. ಹೊರಡುವ ಮುನ್ನ ವೀರಾ ಆಟ್ಕಿನ್ಸ್ ಏಜೆಂಟರ ಜೇಬು ತಾವೇ ತಪಾಸಣೆ ಮಾಡುತ್ತಿದ್ದರು. ಲಂಡನ್ನಿನ ಒಂದು ಬಸ್ ಟಿಕೆಟ್ಟು, ಇಂಗ್ಲಿಷ್ ದರ್ಜಿಯ ಲೇಬಲ್ಲು ಸಿಕ್ಕರೂ ಪ್ರಾಣಕ್ಕೆ ಕುತ್ತು. ಬಟ್ಟೆಯ ಹೊಲಿಗೆ, ಗುಂಡಿ ಕೂಡ ಫ್ರಾನ್ಸಿನ ಪದ್ಧತಿಯಲ್ಲೇ ಇರಬೇಕಿತ್ತು. ಬಕ್‌ಮಾಸ್ಟರ್ ಮಾತ್ರ ಹೊರಡುವವರಿಗೆ ಒಂದು ಉಡುಗೊರೆ ಕೊಡುತ್ತಿದ್ದ. ಗಂಡಸರಿಗೆ ಚಿನ್ನದ ಕಫ್‌ಲಿಂಕ್ ಅಥವಾ ಸಿಗರೇಟ್ ಪೆಟ್ಟಿಗೆ, ಹೆಂಗಸರಿಗೆ ಪೌಡರ್ ಡಬ್ಬಿ. ಕಷ್ಟ ಬಂದರೆ ಮಾರಿಕೊಳ್ಳಬಹುದು. ಗಂಡ ಕೊಟ್ಟ ಉಂಗುರ ಲಂಡನ್ನಿನಲ್ಲಿ ಉಳಿದು, ಮೇಲಧಿಕಾರಿ ಕೊಟ್ಟ ಚಿನ್ನ ಕೈಚೀಲಕ್ಕೆ ಸೇರುತ್ತದೆ. ಇಷ್ಟನ್ನೇ ಒಂದು ದೃಶ್ಯ ಮಾಡಬಹುದು.

ಪತ್ರಗಳ ವಿಷಯ ಇನ್ನೂ ಚೆನ್ನಾಗಿದೆ. ಏಜೆಂಟರು ಮನೆಯವರಿಗೆ ಮುಂಚಿತವಾಗಿ ಕೆಲವು ಪತ್ರ ಬರೆದಿಟ್ಟು ಹೋಗುತ್ತಿದ್ದರು. ಆಟ್ಕಿನ್ಸ್ ಅವನ್ನು ಆಗೊಂದು ಈಗೊಂದು ಅಂಚೆಗೆ ಹಾಕುತ್ತಿದ್ದರು. ಯೋಚಿಸಿ. ಅವನ ಕೈಗೆ ಪತ್ರ ಬರುತ್ತದೆ, ‘ಚೆನ್ನಾಗಿದ್ದೇನೆ, ಕೆಲಸ ಜಾಸ್ತಿ’ ಅಂತ. ಅದನ್ನು ಬರೆದವಳು ಆ ಹೊತ್ತಿಗೆ ಸೆರೆಯಲ್ಲಿ ಇರಬಹುದು. ಓದುಗರಿಗೆ ಗೊತ್ತು, ಅವನಿಗೆ ಗೊತ್ತಿಲ್ಲ. ಪತ್ರದ ಮಾತು ಸಪ್ಪೆಯಾಗಿದ್ದಷ್ಟೂ ದೃಶ್ಯ ಗಟ್ಟಿಯಾಗುತ್ತದೆ. ಕಾವ್ಯ ಬೆರೆಸಬೇಡಿ.

ಸುಳ್ಳು ಗಂಡ ಹೆಂಡತಿ

ನಕಲಿ ದಂಪತಿಗಳಾಗಿ ಓಡಾಡುವವರು ನಿಜವಾಗಿ ಪ್ರೀತಿಸತೊಡಗುವುದು ಹಳೇ ಸರಕು. ಆದರೂ ನನಗೆ ಇಷ್ಟ. ಅದನ್ನು ಹೊಸದಾಗಿಸುವುದು ಸಣ್ಣ ಸಣ್ಣ ವಿವರ.

ಮೊದಲನೆಯದು ಮಾತು. ನಾವು ಬರೆಯುವುದು ಕನ್ನಡದಲ್ಲಾದ್ದರಿಂದ ಒಂದು ಅನುಕೂಲ ಇದೆ. ಫ್ರೆಂಚರಿಗೂ ನಮ್ಮ ಹಾಗೆ ನೀನು-ನೀವು ವ್ಯತ್ಯಾಸ ಉಂಟು. ನಿನ್ನೆಯಷ್ಟೇ ಪರಿಚಯವಾದ ಇಬ್ಬರು ಗಂಡ ಹೆಂಡತಿ ಅಂತ ಹೇಳಿಕೊಂಡು ರೈಲು ಹತ್ತಿದ್ದಾರೆ. ತಪಾಸಣೆಯವನ ಮುಂದೆ ಅವಳ ಬಾಯಿಂದ ‘ನೀವು’ ಬಂದುಬಿಟ್ಟರೆ? ಸರಿ, ‘ನೀನು’ ಅಂತ ಅಭ್ಯಾಸ ಮಾಡುತ್ತಾರೆ. ಜನರ ಮುಂದೆ ನೀನು, ಬಾಗಿಲು ಹಾಕಿದ ಮೇಲೆ ಮತ್ತೆ ನೀವು. ಬಾಗಿಲ ಹಿಂದೆಯೂ ‘ನೀನು’ ಉಳಿದುಕೊಂಡ ದಿನ ನಿಮ್ಮ ಕತೆಯ ಪ್ರೇಮ ಶುರು. ‘ಪ್ರೀತಿಸುತ್ತೇನೆ’ ಅನ್ನುವ ಮಾತು ಬೇಕಾಗುವುದೇ ಇಲ್ಲ.

ಎರಡನೆಯದು ಬೀದಿ. ಆ ಕಾಲದ ಫ್ರಾನ್ಸಿನಲ್ಲಿ ತಂಬಾಕಿನ ಪಡಿತರ ಗಂಡಸರಿಗಷ್ಟೇ. ನಾಯಕಿ ಬೀದಿಯಲ್ಲಿ ಸಿಗರೇಟು ಹಚ್ಚಿದರೆ ಎಲ್ಲರೂ ತಿರುಗಿ ನೋಡುತ್ತಾರೆ. ಕಾಫಿ ಅಂದರೆ ಹುರಿದ ಬಾರ್ಲಿ, ಚಿಕೋರಿ. ಹಾಲು ಸಿಗುವುದಿಲ್ಲವಾದ್ದರಿಂದ ಕಾಫಿ ಯಾವಾಗಲೂ ಕಪ್ಪೇ. ಹೊಸಬ ಏಜೆಂಟ್ ಕೆಫೆಯಲ್ಲಿ ‘ಬ್ಲ್ಯಾಕ್ ಕಾಫಿ’ ಅಂತ ಬಿಡಿಸಿ ಕೇಳಿದರೆ ಸಿಕ್ಕಿಬಿದ್ದ ಅಂತಲೇ. ಚರ್ಮ ಸಿಗದೆ ಚಪ್ಪಲಿಗೆ ಮರದ ಅಟ್ಟೆ, ಹಾಗಾಗಿ ಹೆಂಗಸರ ಹೆಜ್ಜೆಗೆ ಟಕಟಕ ಸದ್ದು. ಗಡಿಯಾರ ಜರ್ಮನ್ ಸಮಯಕ್ಕೆ ಓಡುತ್ತದೆ. ಇಂಗ್ಲೆಂಡಿನಿಂದ ಬಂದವನು ರಸ್ತೆ ದಾಟುವಾಗ ಮೊದಲು ಬಲಕ್ಕೆ ನೋಡುತ್ತಾನೆ, ಅಲ್ಲಿಯವರು ಎಡಕ್ಕೆ. ಇವನ್ನೆಲ್ಲ ಒಂದೇ ಪ್ಯಾರಾದಲ್ಲಿ ಸುರಿದರೆ ಪಾಠ ಆಗುತ್ತದೆ. ಒಂದು ದೃಶ್ಯಕ್ಕೆ ಒಂದು ಸಾಕು, ಅದೂ ಏನಾದರೂ ಕೆಲಸ ಮಾಡಬೇಕು. ಅವನು ಬಲಕ್ಕೆ ನೋಡಿದ್ದನ್ನು ಮೊದಲು ಗಮನಿಸಿ, ಕೈ ಹಿಡಿದು ಎಳೆದವಳು ಅವಳು. ಮೊದಲ ಸ್ಪರ್ಶ ಹೀಗೆ ಆಗಲಿ.

ಪ್ಯಾರಿಸ್ಸಿನ ಕೊನೆಯ ಮೆಟ್ರೋ ಮರೆಯಬೇಡಿ. ಅದು ತಪ್ಪಿದರೆ ಕರ್ಫ್ಯೂ ಮುಗಿಯುವ ತನಕ ಇದ್ದಲ್ಲೇ ಇರಬೇಕು. ರಾತ್ರಿ ಒಟ್ಟಿಗೆ ಉಳಿಯಲು ಬಿರುಗಾಳಿ ಮಳೆ ಕರೆಸುವ ಬದಲು ಇದನ್ನು ಬಳಸಿ.

ರೇಡಿಯೋ: ಮುಖ ನೋಡದ ಪ್ರೀತಿ

ಈ ವಿಷಯದಲ್ಲಿ ನನಗೆ ಎಲ್ಲಕ್ಕಿಂತ ಹಿಡಿಸಿದ್ದು ವೈರ್‌ಲೆಸ್. ಹೊಸ ಬರಹಗಾರರು ಇದನ್ನು ಬರೀ ಪೆಟ್ಟಿಗೆ ಅಂದುಕೊಂಡು ಬಿಟ್ಟುಬಿಡುತ್ತಾರೆ.

ಸೂಟ್‌ಕೇಸಿನೊಳಗೆ ಅಡಗಿದ ಆ ಯಂತ್ರ ಸುಮಾರು 15 ಕಿಲೋ ತೂಗುತ್ತಿತ್ತು. ಅದನ್ನು ಹೊತ್ತು ‘ಹಗುರ ಸಾಮಾನು’ ಅನ್ನುವ ಹಾಗೆ ನಡೆಯಬೇಕು. ಉದ್ದನೆಯ ಏರಿಯಲ್ ತಂತಿ ಕಟ್ಟಬೇಕು. ಸಂದೇಶ ಕಳಿಸತೊಡಗಿದರೆ ಜರ್ಮನ್ನರ ದಿಕ್ಕು ಪತ್ತೆ ಮಾಡುವ ವ್ಯಾನುಗಳು ಬೀದಿಗೆ ಇಳಿಯುತ್ತವೆ. ಒಂದೊಂದೇ ಬೀದಿಯ ಕರೆಂಟು ತೆಗೆದು ನೋಡುತ್ತಾರೆ. ಯಾವ ಬೀದಿಯ ಕರೆಂಟು ಹೋದಾಗ ಸದ್ದು ನಿಂತಿತೋ ಅಲ್ಲೇ ಆಪರೇಟರ್ ಇದ್ದಾನೆ. 1943ರ ಹೊತ್ತಿಗೆ ಒಬ್ಬ ಆಪರೇಟರ್ ಸರಾಸರಿ ಆರು ವಾರ ಉಳಿದರೆ ಹೆಚ್ಚು ಅನ್ನುವ ಮಾತಿತ್ತು.

ಈಗ ಇನ್ನೊಂದು ತುದಿಗೆ, ಸಂದೇಶ ಹಿಡಿಯುವ ಇಂಗ್ಲೆಂಡಿನ ಕೇಂದ್ರಕ್ಕೆ ಬನ್ನಿ. ಬಕಿಂಗ್‌ಹ್ಯಾಮ್‌ಶೈರ್‌ನ ಗ್ರೆಂಡನ್ ಹಾಲ್‌ನಲ್ಲಿ ಫ್ಯಾನಿ ಅನ್ನುವ ಹೆಂಗಸರ ಸ್ವಯಂಸೇವಾ ಪಡೆಯ ಹುಡುಗಿಯರು ಕಿವಿಗೆ ಹೆಡ್‌ಫೋನ್ ಹಾಕಿ ಕೂತಿರುತ್ತಾರೆ. ಪ್ರತಿಯೊಬ್ಬರ ಮೋರ್ಸ್ ಬಡಿತಕ್ಕೂ ಅದರದೇ ಒಂದು ಶೈಲಿ, ಕೈಬರಹ ಇದ್ದ ಹಾಗೆ. ದಿನಾ ಕೇಳುವವಳಿಗೆ ಅವನು ಸುಸ್ತಾಗಿದ್ದಾನೋ, ಹೆದರಿದ್ದಾನೋ, ಬಡಿಯುತ್ತಿರುವವನು ಅವನೇ ಅಲ್ಲವೋ ಎಲ್ಲ ಗೊತ್ತಾಗುತ್ತದೆ. ಹೆಸರು ಗೊತ್ತಿಲ್ಲ, ಮುಖ ಗೊತ್ತಿಲ್ಲ, ಬೆರಳು ಗೊತ್ತು.

ಆತುರದಲ್ಲಿ ಗುಪ್ತಲಿಪಿಯಲ್ಲಿ ಬರೆದ ಸಂದೇಶದಲ್ಲಿ ತಪ್ಪಾದರೆ ಬಿಡಿಸಲು ಬರುವುದಿಲ್ಲ. ‘ಮತ್ತೆ ಕಳಿಸು’ ಅಂದರೆ ಅವನು ಇನ್ನೊಮ್ಮೆ ಅಪಾಯಕ್ಕೆ ಕೂರಬೇಕು, ಸಿಕ್ಕಿಬೀಳಬಹುದು. ಗುಪ್ತಲಿಪಿ ವಿಭಾಗದ ಲಿಯೋ ಮಾರ್ಕ್ಸ್ ಇದಕ್ಕೆ ಒಪ್ಪಲಿಲ್ಲ. ಏನು ತಪ್ಪಾಗಿರಬಹುದು ಅಂತ ಊಹಿಸಿ ಸಾವಿರಾರು ಸಲ ಬೇರೆ ಬೇರೆ ಕೀಲಿ (ಗುಪ್ತಲಿಪಿ ಬಿಡಿಸುವ ಸೂತ್ರ) ಹಾಕಿ ನೋಡುವಂತೆ ಹುಡುಗಿಯರನ್ನು ಹುರಿದುಂಬಿಸಿದ. ಅವರು ರಾತ್ರಿಯಿಡೀ ಕೂತು ಬಿಡಿಸುತ್ತಿದ್ದರು. ಇದಕ್ಕಿಂತ ದೊಡ್ಡ ಪ್ರೇಮದ ದೃಶ್ಯ ಬರೆಯಲು ನನಗಂತೂ ಗೊತ್ತಿಲ್ಲ. ಅವನು ಮತ್ತೊಮ್ಮೆ ಬಡಿಯಬೇಕಾಗದಿರಲಿ ಅಂತ ಬೆಳಗಿನ ತನಕ ಅಕ್ಷರ ತಿರುವಿ ಹಾಕುತ್ತಿರುವ ಹುಡುಗಿ. ಅವನಿಗೆ ಅವಳು ಇದ್ದಾಳೆ ಅಂತಲೂ ಗೊತ್ತಿಲ್ಲ.

ಇನ್ನೂ ಎರಡು ಸಂಗತಿ ಇಲ್ಲೇ ಇವೆ. ಶುರುವಿನಲ್ಲಿ ಏಜೆಂಟರು ಬಾಯಿಪಾಠ ಬರುವ ಪದ್ಯದಿಂದ ಪದಗಳನ್ನು ಆರಿಸಿ ಕೀಲಿ ಮಾಡುತ್ತಿದ್ದರು. ಎಲ್ಲರಿಗೂ ಗೊತ್ತಿರುವ ಪದ್ಯವಾದರೆ ಜರ್ಮನ್ನರೂ ಊಹಿಸಬಹುದು. ಅದಕ್ಕೆ ಮಾರ್ಕ್ಸ್ ತಾನೇ ಪದ್ಯ ಬರೆಯತೊಡಗಿದ. ಜೊತೆಗೆ ರೇಷ್ಮೆ ಬಟ್ಟೆಯ ಮೇಲೆ ಕೀಲಿಗಳನ್ನು ಅಚ್ಚು ಹಾಕಿಸಿದ. ಒಂದೊಂದು ಬಳಸಿದ ಮೇಲೆ ಕತ್ತರಿಸಿ ಸುಟ್ಟುಬಿಡಬೇಕು. ಅವನು ಪ್ರೀತಿಸಿದ ರೂತ್ ಕೆನಡಾದಲ್ಲಿ ವಿಮಾನ ಅಪಘಾತದಲ್ಲಿ ಸತ್ತಾಗ 1943ರ ಕ್ರಿಸ್‌ಮಸ್ ಹಿಂದಿನ ರಾತ್ರಿ ಒಂದು ಪದ್ಯ ಬರೆದ. ಮುಂದೆ ಅದನ್ನೇ ಎಫ್ ಸೆಕ್ಷನ್ ಏಜೆಂಟ್ ವಯಲೆಟ್ ಸಾಬೋಗೆ ಗುಪ್ತಲಿಪಿಗಾಗಿ ಕೊಟ್ಟ. ವಯಲೆಟ್ ಗಂಡ ಎಲ್ ಅಲಮೈನ್ ಯುದ್ಧದಲ್ಲಿ ತೀರಿಕೊಂಡಿದ್ದ. ಒಬ್ಬನ ಶೋಕ ಇನ್ನೊಬ್ಬಳ ಕೈಯಲ್ಲಿ ಕೆಲಸದ ಸಾಮಾನಾಯಿತು. ನಿಮ್ಮ ಕತೆಯಲ್ಲಿ ಈ ಪದ್ಯವನ್ನೇ ಎತ್ತಿಕೊಳ್ಳಬೇಡಿ, ನಿಮ್ಮ ಪಾತ್ರಕ್ಕೆ ನೀವೇ ನಾಲ್ಕು ಸಾಲು ಕಟ್ಟಿ. ಚೆನ್ನಾಗಿರಲೇಬೇಕು ಅಂತಿಲ್ಲ.

ಎರಡನೆಯದು ಸುರಕ್ಷಾ ಗುರುತು. ಸಂದೇಶದಲ್ಲಿ ಬೇಕಂತಲೇ ಒಂದು ತಪ್ಪು ಇಡಬೇಕು. ಅದು ಇಲ್ಲದಿದ್ದರೆ ಆಪರೇಟರ್ ಸೆರೆಸಿಕ್ಕಿದ್ದಾನೆ ಅಂತ ಲಂಡನ್ ತಿಳಿಯಬೇಕು. 1943ರಲ್ಲಿ ಸಿಕ್ಕಿಬಿದ್ದ ಗಿಲ್ಬರ್ಟ್ ನಾರ್ಮನ್ ಹೆಸರಿನಲ್ಲಿ ಗುರುತಿಲ್ಲದ ಸಂದೇಶ ಬಂದಾಗ ಲಂಡನ್ ಏನು ಮಾಡಿತು? ಗುರುತು ಹಾಕಲು ಮರೆತಿದ್ದೀರಿ, ಮುಂದೆ ಜಾಗ್ರತೆ ಅಂತ ಉತ್ತರ ಕೊಟ್ಟಿತು. ಓದಿದವರು ಜರ್ಮನ್ನರು. ಹಾಲೆಂಡಿನಲ್ಲಿ ಇಂಥದೇ ಅಲಕ್ಷ್ಯದಿಂದ ಹತ್ತಾರು ಏಜೆಂಟರು ನೇರ ಶತ್ರುವಿನ ಕೈಗೇ ಇಳಿದರು. ಗ್ರೆಂಡನ್ನಿನ ಆ ಹುಡುಗಿ ‘ಇದು ಅವನ ಕೈ ಅಲ್ಲ’ ಅಂತ ಮೇಲಿನವರಿಗೆ ಹೇಳುತ್ತಾಳೆ. ಯಾರೂ ಕೇಳುವುದಿಲ್ಲ. ಒಂದು ಕಾದಂಬರಿಗೆ ಇಷ್ಟು ಸಾಕು.

ಎದುರಾಳಿ

ಎಲ್ಲ ಜರ್ಮನ್ನರನ್ನೂ ಗೆಸ್ಟಾಪೊ (ನಾಜಿಗಳ ಗುಪ್ತ ಪೊಲೀಸರು) ಅನ್ನಬೇಡಿ. ಆಬ್‌ವೇರ್ ಸೇನೆಯ ಬೇಹುಗಾರಿಕೆ ವಿಭಾಗ. ಎಸ್‌ಡಿ ಎಸ್‌ಎಸ್‌ನವರದು, ಅಂದರೆ ನಾಜಿ ಪಕ್ಷದ ಪಡೆಯವರ ಬೇಹುಗಾರಿಕೆ ವಿಭಾಗ; ಪ್ಯಾರಿಸ್ಸಿನಲ್ಲಿ ಅವರ ಕಚೇರಿ 84, ಅವೆನ್ಯೂ ಫೋಶ್. ಇವರಿಬ್ಬರಿಗೂ ಒಬ್ಬರ ಕಂಡರೆ ಒಬ್ಬರಿಗೆ ಆಗದು. ಜರ್ಮನ್ನರ ಪರ ನಿಂತ ಫ್ರೆಂಚರದೇ ಮಿಲೀಸ್ ಪಡೆ 1943ರ ಜನವರಿಯಲ್ಲಿ ಹುಟ್ಟಿತು. ಅವರಿಗೆ ಊರಿನ ಮಾತು, ಸಂಬಂಧ ಎಲ್ಲ ಗೊತ್ತು, ಹಾಗಾಗಿ ಹೆಚ್ಚು ಅಪಾಯ. ಆಬ್‌ವೇರ್‌ನ ಹ್ಯೂಗೊ ಬ್ಲೈಖರ್ ಒದೆಯುವುದಕ್ಕಿಂತ ನಯವಾಗಿ ಮಾತಾಡಿ ಬೀಳಿಸುತ್ತಿದ್ದ. ಅವನ ಕೈಗೆ ಸಿಕ್ಕ ಮತಿಲ್ದ್ ಕಾರೆ ತನ್ನ ಜಾಲದವರನ್ನು ಹಿಡಿದುಕೊಟ್ಟಳು, ಅವನ ಪ್ರೇಯಸಿಯೂ ಆದಳು. ಖಳನಾಯಕ ಬೇಕಿದ್ದರೆ ಚೀರಾಡುವವನಿಗಿಂತ ಇಂಥವನು ಮೇಲು.

ನಾಲ್ಕು ಕಲಮಿನ ಹಾಳೆ

ದೊಡ್ಡ ಹಾಳೆಯಲ್ಲಿ ನಾಲ್ಕು ಕಲಮು ಮಾಡಿ: ಅವಳಿಗೆ ಗೊತ್ತಿರುವುದು, ಅವನಿಗೆ, ಶತ್ರುವಿಗೆ, ಓದುಗರಿಗೆ. ಪ್ರತಿ ಅಧ್ಯಾಯ ಮುಗಿದಾಗ ತುಂಬಿ. ನಾಲ್ಕೂ ಕಲಮಿನಲ್ಲಿ ಒಂದೇ ಮಾತಿದ್ದರೆ ಆ ಅಧ್ಯಾಯ ಸತ್ತಿದೆ. ಎಲ್ಲಿ ಪ್ರೇಮಿಗಳ ಕಲಮು ತುಂಬ ದೂರ ಹೋಗಿದೆಯೋ ಅಲ್ಲಿ ನಿಲ್ಲಿ, ನಿಧಾನವಾಗಿ ಬರೆಯಿರಿ.

ಯಾರಾದರೂ ಸೆರೆಸಿಕ್ಕಾಗ ಈ ಹಾಳೆ ಜೀವ ಉಳಿಸುತ್ತದೆ. ಸಿಕ್ಕವರು 48 ಗಂಟೆ ಬಾಯಿ ಬಿಡದೆ ತಡೆಯಬೇಕು ಅಂತ ಹೇಳಿಕೊಡುತ್ತಿದ್ದರು. ಅಷ್ಟರಲ್ಲಿ ಉಳಿದವರು ಮನೆ ಬದಲಿಸಿ ಚದುರಬೇಕು. ಅವಳ ಕಲಮಿನಲ್ಲಿ ಅವನ ವಿಳಾಸ ಇದೆಯೋ ಇಲ್ಲವೋ? ಪ್ರೀತಿಯಿಂದ ಅವನು ಹೇಳಿಬಿಟ್ಟಿದ್ದರೆ ಈಗ ಅದು ಅವಳ ಮೇಲಿನ ಹೊರೆ. ಅವನು ಓಡಬೇಕು, ಓಡದೆ ಅವಳಿಗಾಗಿ ಕಾದರೆ ಜಾಲವೇ ಹೋಗುತ್ತದೆ. ಅವನು ಓಡಲಿ. ಓಡಿದ್ದಕ್ಕೆ ಬೈಯಲು ಓದುಗರಿಗೆ ಬಿಡಿ.

ಪ್ರೀತಿ ಮತ್ತು ಕೆಲಸ ಡಿಕ್ಕಿ ಹೊಡೆಯುವುದನ್ನು ನೋಡಬೇಕಿದ್ದರೆ ದಾಖಲೆಗಳಲ್ಲಿ ಬೇಕಾದಷ್ಟಿದೆ. ‘ಗಾರ್ಬೊ’ ಅನ್ನುವ ಇಬ್ಬಗೆ ಏಜೆಂಟ್ (ಜರ್ಮನ್ನರ ಬೇಹುಗಾರನ ಹಾಗೆ ನಟಿಸಿ ಬ್ರಿಟಿಷರಿಗೆ ದುಡಿಯುವವನು) ಹುವಾನ್ ಪುಜೋಲ್ ಇಲ್ಲದ 27 ಉಪ ಏಜೆಂಟರನ್ನು ಹುಟ್ಟಿಸಿ ಜರ್ಮನ್ನರನ್ನು ನಂಬಿಸಿದವನು. ಅವನ ಹೆಂಡತಿ ಅರಾಸೆಲಿಗೆ ಲಂಡನ್ ಹಿಡಿಸಲಿಲ್ಲ, ತವರಿಗೆ ಹೋಗಬೇಕು. 1943ರಲ್ಲಿ ಸ್ಪ್ಯಾನಿಷ್ ರಾಯಭಾರ ಕಚೇರಿಗೆ ಹೋಗಿ ಎಲ್ಲ ಹೇಳಿಬಿಡುತ್ತೇನೆ ಅಂದಳು. ಗಂಡನನ್ನೇ ಬಂಧಿಸಿದ ಹಾಗೆ ಬ್ರಿಟನ್ನಿನ ಭದ್ರತಾ ಸಂಸ್ಥೆ ಎಂಐ5 ನಾಟಕ ಆಡಿತು, ಅವನೂ ಅದರಲ್ಲಿ ಪಾತ್ರ ಮಾಡಿದ. ಕೈದಿ ಬಟ್ಟೆಯ ಗಂಡನನ್ನು ನೋಡಿ ಅವಳು ಸುಮ್ಮನಾದಳು. ಇನ್ನೊಬ್ಬಳು ಇಬ್ಬಗೆ ಏಜೆಂಟ್ ‘ಟ್ರೆಷರ್’, ಲಿಲಿ ಸೆರ್ಗೇಯೆವ್. ತನ್ನ ನಾಯಿಯನ್ನು ಇಂಗ್ಲೆಂಡಿಗೆ ಬಿಡಲಿಲ್ಲ ಅನ್ನುವ ಸಿಟ್ಟಿಗೆ ರೇಡಿಯೋದ ಗುಪ್ತ ಗುರುತನ್ನೇ ಬ್ರಿಟಿಷರಿಂದ ಮುಚ್ಚಿಟ್ಟಳು. ಮನುಷ್ಯರು ಹೀಗೇ. ಪಾತ್ರಗಳು ಬರೀ ದೇಶಕ್ಕಾಗಿ ಬದುಕಿದರೆ ನಂಬಿಕೆ ಬರುವುದಿಲ್ಲ.

ಎಫ್ ಸೆಕ್ಷನ್ ಕೊರಿಯರ್ ಪರ್ಲ್ ವಿದರಿಂಗ್ಟನ್ ಕತೆ ಸುಖಾಂತದ್ದು. 1943ರ ಸೆಪ್ಟೆಂಬರಿನಲ್ಲಿ ಪ್ಯಾರಾಶೂಟಿನಲ್ಲಿ ಇಳಿದು, ಫ್ರಾನ್ಸಿನಲ್ಲಿದ್ದ ತಮ್ಮ ಹುಡುಗ ಆಂರಿ ಕೊರ್ನಿಯೊಲಿಯನ್ನು ಸೇರಿದರು. 1944ರ ಮೇ 1ರಂದು ಅವರ ಮುಖ್ಯಸ್ಥ ಸೌತ್‌ಗೇಟ್ ಬಂಧನವಾದಾಗ ಈ ಜೋಡಿ ರಜೆ ಹಾಕಿ ಊರ ಹೊರಗೆ ಬುತ್ತಿ ಕಟ್ಟಿಕೊಂಡು ಹೋಗಿತ್ತು! ಆಮೇಲೆ ಪರ್ಲ್ ತಾವೇ ಜಾಲ ಕಟ್ಟಿ ಸಾವಿರಕ್ಕೂ ಮಿಕ್ಕಿ ಹೋರಾಟಗಾರರನ್ನು ನಡೆಸಿದರು. ಅದೇ ವರ್ಷ ಅಕ್ಟೋಬರಿನಲ್ಲಿ ಲಂಡನ್ನಿನಲ್ಲಿ ಮದುವೆ. ಆದರೂ ಪರ್ಲ್, ನೂರ್, ವಯಲೆಟ್ ಅವರನ್ನೇ ಪಾತ್ರ ಮಾಡಿ ಇಲ್ಲದ ಪ್ರೇಮ ಅಂಟಿಸುವುದು ನನಗೆ ಒಪ್ಪಿಗೆಯಿಲ್ಲ. ಅವರಿಂದ ಕೆಲಸದ ವಿವರ ಕಲಿಯಿರಿ. ಜಾಲ, ಹೆಸರು, ಊರಿನ ಮನೆ ನಿಮ್ಮದಿರಲಿ.

ಎಲ್ಲಿ ಮುಗಿಸಬೇಕು

ಪ್ಯಾರಿಸ್ ಬಿಡುಗಡೆಯಾದ 1944ರ ಆಗಸ್ಟ್ 25ಕ್ಕೆ ಕತೆ ಮುಗಿಸುವ ಆಸೆ ಎಲ್ಲರಿಗೂ ಇರುತ್ತದೆ. ಗಂಟೆ ಬಾರಿಸುತ್ತದೆ, ಬೀದಿ ತುಂಬ ಜನ. ಆದರೆ ಸೆರೆಸಿಕ್ಕ ಏಜೆಂಟ್ ಅಷ್ಟರಲ್ಲಿ ಜರ್ಮನಿಯ ಶಿಬಿರ ಸೇರಿರುತ್ತಾನೆ. ಇಂಥ ಎಷ್ಟೋ ಕೈದಿಗಳ ಸುದ್ದಿ ಹೊರಗೆ ಯಾರಿಗೂ ಸಿಗಬಾರದು ಅನ್ನುವುದೇ ಅಲ್ಲಿಯ ನಿಯಮ. ಹಾಗಾಗಿ ಕತೆ 1945ರ ವಸಂತದ ತನಕ ಹೋಗಬೇಕು. ಶಿಬಿರಗಳಿಂದ ಬಂದವರನ್ನು ಪ್ಯಾರಿಸ್ಸಿನ ಲ್ಯುಟೇಷಿಯಾ ಹೋಟೆಲಿಗೆ ಕರೆತರುತ್ತಿದ್ದರು. ಅಲ್ಲಿ ಹಲಗೆಗಳ ಮೇಲೆ ಕಾಣೆಯಾದವರ ಫೋಟೋಗಳು. ಮನೆಯವರು ಬಂದವರನ್ನೆಲ್ಲ ತಡೆದು ಕೇಳುತ್ತಿದ್ದರು. ಸುಖಾಂತ ಬೇಕಿದ್ದರೆ ಇಲ್ಲಿ ಭೇಟಿ ಮಾಡಿಸಿ. ಗುರುತು ಹಿಡಿಯಲು ಇಬ್ಬರಿಗೂ ಸ್ವಲ್ಪ ಹೊತ್ತು ಬೇಕಾಗುತ್ತದೆ.

ದುಃಖಾಂತವಾದರೆ ವೀರಾ ಆಟ್ಕಿನ್ಸ್ ದಾರಿ ಇದೆ. ಯುದ್ಧ ಮುಗಿದ ಮೇಲೆ ಅವರು ಜರ್ಮನಿಗೆ ಹೋಗಿ, ಕಾವಲುಗಾರರನ್ನು ವಿಚಾರಿಸಿ, ಕಾಣೆಯಾದ ಎಫ್ ಸೆಕ್ಷನ್ ಏಜೆಂಟರಲ್ಲಿ ಬಹುತೇಕ ಎಲ್ಲರಿಗೂ ಏನಾಯಿತು ಅಂತ ಪತ್ತೆ ಹಚ್ಚಿದರು. ನೂರ್ 1944ರ ಸೆಪ್ಟೆಂಬರಿನಲ್ಲೇ ಡಾಖಾವ್‌ನಲ್ಲಿ ಕೊಲೆಯಾಗಿದ್ದದ್ದು ಖಚಿತವಾದದ್ದು ಯುದ್ಧ ಮುಗಿದು ಎಷ್ಟೋ ತಿಂಗಳ ಮೇಲೆ. ಕಾಯುವ ಪಾತ್ರಕ್ಕೆ ಇಷ್ಟು ಉದ್ದದ ಕಾಲ ಕೊಡಿ, ಒಂದೇ ಟೆಲಿಗ್ರಾಮಿನಲ್ಲಿ ಮುಗಿಸಬೇಡಿ.

ಗ್ರೆಂಡನ್ನಿನ ಹುಡುಗಿಯೇ ನಾಯಕಿಯಾದರೆ ಒಂದು ಎಚ್ಚರ. ಅವಳು ಗುಟ್ಟು ಕಾಯುವ ಕಾಗದಕ್ಕೆ ಸಹಿ ಹಾಕಿದ್ದಾಳೆ. ಜರ್ಮನ್ ಗುಪ್ತಲಿಪಿ ಬಿಡಿಸುತ್ತಿದ್ದ ಬ್ಲೆಚ್ಲಿ ಪಾರ್ಕಿನಲ್ಲಿ ದುಡಿದವರು 1970ರ ದಶಕದ ತನಕ ಕಟ್ಟಿಕೊಂಡ ಗಂಡನಿಗೂ ಹೇಳಲಿಲ್ಲ. ಆದ್ದರಿಂದ 1950ರಲ್ಲಿ ಅವಳು ಗೆಳತಿಯ ಮುಂದೆ ಕೂತು ಎಲ್ಲ ಬಿಚ್ಚಿಡುವ ಉಪಸಂಹಾರ ಬೇಡ. ಅವನು ಬದುಕಿ ಬಂದು ಲಂಡನ್ನಿನ ಯಾವುದೋ ಸಾಲಿನಲ್ಲಿ ಅವಳ ಹಿಂದೆಯೇ ನಿಂತರೂ ಅವಳಿಗೆ ಗೊತ್ತಾಗುವುದಿಲ್ಲ, ಬೆರಳಿನಿಂದ ಕೌಂಟರು ಬಡಿಯದ ಹೊರತು. ಬಡಿಸುವುದೋ ಬೇಡವೋ ಅನ್ನುವುದು ನಿಮಗೆ ಬಿಟ್ಟದ್ದು. ನಾನಾದರೆ ಬಡಿಸುತ್ತಿದ್ದೆ.